ಮಠದ ವಿಶ್ವವಿದ್ಯಾಲಯದಲ್ಲಿ ವಿಮಾನ ನಿರ್ವಹಣೆಯ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ವಾರದಿಂದ ನಮ್ಮ ವಿಭಾಗಕ್ಕೆ ಫೋನ್ ಮೇಲೆ ಫೋನ್. ಮಾತಾಡುವವರು ಹೆಚ್ಚಾಗಿ ಅಪ್ಪ ಅಮ್ಮಂದಿರು. ಕೆಲವು ಸಲ ಸೋದರಮಾವ, ಚಿಕ್ಕಪ್ಪ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ನಾನು ಹನ್ನೆರಡು ವರ್ಷ ವಿಮಾನಗಳ ಕೆಳಗೆ ರಾತ್ರಿ ಪಾಳಿ ಮಾಡಿ, ಆಮೇಲೆ ಇಲ್ಲಿ ಪಾಠಕ್ಕೆ ನಿಂತವನು. ಫೋನಿನಲ್ಲಿ ಅವಸರದಿಂದ ಹೇಳುವುದಕ್ಕಿಂತ ನಿಧಾನವಾಗಿ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಮಠಕ್ಕೂ ವಿಮಾನಕ್ಕೂ ಏನು ಸಂಬಂಧ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಮ್ಮ ನಾಡಿನ ಮಠಗಳು ಪ್ರಸಾದ ನಿಲಯ ನಡೆಸಿವೆ, ಶಾಲೆ ಕಟ್ಟಿವೆ, ಐಟಿಐ ಕಟ್ಟಿವೆ. ತುಮಕೂರಿನಲ್ಲಿ ಸಿದ್ಧಗಂಗಾ ಮಠದ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಹಳ್ಳಿ ಮಕ್ಕಳ ಕೈಗೆ ಒಂದು ಕಸುಬು ಕೊಡಬೇಕು ಅನ್ನುವುದೇ ಅಲ್ಲಿನ ಯೋಚನೆ. ನಮ್ಮದೂ ಅದೇ ದಾರಿ. ಅವರು ಲೇತ್ ಇಟ್ಟ ಕಡೆ ನಾವು ವಿಮಾನ ಇಟ್ಟಿದ್ದೇವೆ, ಅಷ್ಟೆ.

ಹೊರಗೂ ಇದು ಹೊಸದಲ್ಲ. ಆಲಿವರ್ ಪಾರ್ಕ್ಸ್ ಅಮೆರಿಕದಲ್ಲಿ 1927ರಲ್ಲಿ ಶುರು ಮಾಡಿದ ವಿಮಾನ ಕಾಲೇಜನ್ನು 1946ರಲ್ಲಿ ಜೆಸ್ಯೂಟ್ ಪಾದ್ರಿಗಳ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಮಿಷಿಗನ್‌ನಲ್ಲಿ ಅಡ್ವೆಂಟಿಸ್ಟ್ ಪಂಥದವರ ಆಂಡ್ರ್ಯೂಸ್ ವಿಶ್ವವಿದ್ಯಾಲಯಕ್ಕೆ ಸ್ವಂತ ರನ್‌ವೇ ಇದೆ. ಮೂಡಿ ಬೈಬಲ್ ಇನ್‌ಸ್ಟಿಟ್ಯೂಟ್‌ನವರು ಕಾಡುಮೇಡಿನ ಊರುಗಳಿಗೆ ಹೋಗುವ ಮಿಷನರಿಗಳಿಗೆ ಹಾರಿಸುವುದರ ಜೊತೆ ರಿಪೇರಿಯನ್ನೂ ಕಲಿಸಿದರು. ಕಾಡಿನ ನಡುವೆ ವಿಮಾನ ಕೆಟ್ಟರೆ ಮೆಕ್ಯಾನಿಕ್ ಎಲ್ಲಿಂದ ಬರಬೇಕು, ಅಲ್ವಾ?

ಇನ್ನು ಬೆಂಗಳೂರಿನ ಮಾತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. ಇಲ್ಲೇ ವಿನ್ಯಾಸವಾದ ಎಚ್‌ಟಿ-2 ತರಬೇತಿ ವಿಮಾನ ಹಾರಿದ್ದು 1951ರಲ್ಲಿ. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದ ಕಾಲದಲ್ಲಿ, ಅಮೆರಿಕ ಸೇನೆಯ ವಿಮಾನಗಳನ್ನು ಬಿಚ್ಚಿ, ತೊಳೆದು, ಸರಿ ಮಾಡಿ ಕಳಿಸುವ ಕೆಲಸ ಇಲ್ಲಿ ಜೋರಾಗಿ ನಡೆದಿತ್ತು. ಸ್ವಂತ ವಿಮಾನ ಹಾರಿಸುವ ಮೊದಲೇ ಈ ಊರಿನ ಕೈಗಳು ರಿಪೇರಿ ಕಲಿತಿದ್ದವು. ನನ್ನ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ. ಅವರಿಗೆ ಗೊತ್ತಿರಬೇಕು.

ಇದು ಏರೋನಾಟಿಕಲ್ ಇಂಜಿನಿಯರಿಂಗಾ?

ಅಲ್ಲ. ಅದು ವಿಮಾನವನ್ನು ವಿನ್ಯಾಸ ಮಾಡುವ ಓದು. ಇದು ಇರುವ ವಿಮಾನವನ್ನು ಬಿಚ್ಚಿ, ನೋಡಿ, ಸರಿಮಾಡಿ, "ಹಾರಬಹುದು" ಎಂದು ಸಹಿ ಹಾಕುವ ಕಸುಬು. ಸಹಿ ಅನ್ನುವ ಮಾತು ಮುಂದೆ ಮತ್ತೆ ಮತ್ತೆ ಬರುತ್ತದೆ. ಇಡೀ ಕೋರ್ಸ್ ನಿಂತಿರುವುದು ಅದರ ಮೇಲೆಯೇ.

ಯಾರು ಸೇರಬಹುದು? ಕೋರ್ಸ್ ಎಷ್ಟು ಗಂಟೆಗಳದ್ದು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಎರಡು ದಾರಿಗಳಿವೆ. ಬಿ1 ಅಂದರೆ ಇಂಜಿನ್, ಮೈಕಟ್ಟು, ಹೈಡ್ರಾಲಿಕ್ಸ್, ಚಕ್ರ, ಬ್ರೇಕು. ಬಿ2 ಅಂದರೆ ಏವಿಯಾನಿಕ್ಸ್: ರೇಡಿಯೋ, ನ್ಯಾವಿಗೇಶನ್, ಆಟೋಪೈಲಟ್, ವೈರಿಂಗ್. ಜೆಟ್ ವಿಮಾನದ ಬಿ1 ಆಗಲಿ, ಬಿ2 ಆಗಲಿ, ಕೋರ್ಸ್ 2400 ಗಂಟೆಗಳದ್ದು. ಅದಾದ ಮೇಲೆ ನಿಜವಾಗಿ ಹಾರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವ ಬೇಕು.

ಡಿಗ್ರಿ ಸಿಕ್ಕರೆ ಲೈಸೆನ್ಸ್ ಸಿಕ್ಕ ಹಾಗೆಯಾ?

ಇಲ್ಲ. ದಯವಿಟ್ಟು ಇದನ್ನು ಎರಡು ಸಲ ಓದಿ. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದರ ಮಾಡ್ಯೂಲ್ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಬೇಕು. ಲೈಸೆನ್ಸ್ ಬಂದ ಮೇಲೂ ದೊಡ್ಡ ವಿಮಾನಕ್ಕೆ ಸಹಿ ಹಾಕಬೇಕಾದರೆ ಆ ಮಾದರಿಗೇ ಬೇರೆ ತರಬೇತಿ ಆಗಬೇಕು. ಏರ್‌ಬಸ್ ಎ320 ಕಲಿತವನು ಬೋಯಿಂಗ್ 737ಕ್ಕೆ ಸಹಿ ಹಾಕುವ ಹಾಗಿಲ್ಲ.

"ಸೇರಿದ ಕೂಡಲೇ ಲೈಸೆನ್ಸ್ ಗ್ಯಾರಂಟಿ" ಎಂದು ಯಾವುದೇ ಕಾಲೇಜು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಒಂದು ಕಾಲೇಜಿಗೆ ಡಿಜಿಸಿಎ ಮಾನ್ಯತೆ ಇದೆಯಾ, ಯಾವ ವಿಭಾಗಕ್ಕೆ ಇದೆ ಎಂದು ಡಿಜಿಸಿಎ ಪಟ್ಟಿಯಲ್ಲೇ ನೋಡಿ. ನಮ್ಮದನ್ನೂ ಹಾಗೇ ನೋಡಿ. ಹೊಲ ಅಡವಿಟ್ಟು ಫೀಸು ಕಟ್ಟಿ ಮೋಸಹೋದ ತಂದೆಯೊಬ್ಬರು ನನ್ನ ಮುಂದೆ ಕುರ್ಚಿಯ ತುದಿಯಲ್ಲಿ ಕೂತು ಕೈ ಹಿಸುಕಿಕೊಳ್ಳುತ್ತಿದ್ದರು. ಆವತ್ತಿನಿಂದ ಈ ಉತ್ತರವನ್ನು ನಾನು ಮೆತ್ತಗೆ ಹೇಳುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟ ಆಗುತ್ತಾ?

ಮೊದಲ ಆರು ತಿಂಗಳು ಆಗುತ್ತದೆ. ಆಮೇಲೆ ಅಷ್ಟು ಆಗುವುದಿಲ್ಲ. ಅದಕ್ಕೆ ಒಂದು ಒಳ್ಳೆಯ ಕಾರಣ ಇದೆ. ವಿಮಾನದ ಮ್ಯಾನ್ಯುಯಲ್‌ಗಳ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್ ಅಲ್ಲ. ಇಂಗ್ಲಿಷ್ ತಾಯ್ನುಡಿಯಲ್ಲದ ಮೆಕ್ಯಾನಿಕ್‌ಗಳು ಲೋಕದ ತುಂಬ ಇದ್ದಾರೆ ಎಂದೇ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅನ್ನುವುದನ್ನು ಕಟ್ಟಿದ್ದಾರೆ. ಅದರ ನಿಘಂಟಿನಲ್ಲಿ ಒಪ್ಪಿಗೆಯಾದ ಪದಗಳು ಸುಮಾರು 900 ಮಾತ್ರ. ಕೆಲಸ ಹೇಳುವ ಒಂದು ವಾಕ್ಯ 20 ಪದ ದಾಟುವಂತಿಲ್ಲ. ಒಂದು ಪದಕ್ಕೆ ಒಂದೇ ಅರ್ಥ. "ಫಾಲೋ" ಅಂದರೆ ಅಲ್ಲಿ ಹಿಂದೆ ಬರುವುದು ಅಂತ ಮಾತ್ರ, ಹೇಳಿದಂತೆ ಕೇಳುವುದು ಅಂತ ಅಲ್ಲ.

ನಾನು ಮಾಡುವುದು ಇಷ್ಟು. ವಿದ್ಯಾರ್ಥಿ ಮ್ಯಾನ್ಯುಯಲ್ ಪುಟವನ್ನು ಇಂಗ್ಲಿಷಿನಲ್ಲಿ ಜೋರಾಗಿ ಓದಬೇಕು. ಆಮೇಲೆ ಪುಸ್ತಕ ಮುಚ್ಚಿ, "ಈಗ ನಿಮ್ಮಜ್ಜಿಗೆ ಹೇಳು" ಅನ್ನುತ್ತೇನೆ. ಕನ್ನಡದಲ್ಲೋ, ತೆಲುಗಿನಲ್ಲೋ, ಉರ್ದುವಿನಲ್ಲೋ, ಮನೆಮಾತಿನಲ್ಲಿ ಹೇಳಬೇಕು. ಹೇಳಲು ಬರದಿದ್ದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಸ್ಪ್ಯಾನರ್ ಕೊಡುವುದಿಲ್ಲ.

ಪ್ರಾಕ್ಟಿಕಲ್‌ನಲ್ಲಿ ಏನು ಮಾಡಿಸುತ್ತೀರಿ?

ಮೊದಲ ವಾರಗಳಲ್ಲಿ ಫೈಲ್ ಹಿಡಿದು ಲೋಹ ಉಜ್ಜುವುದು, ರಿವೆಟ್ ಹೊಡೆಯುವುದು. ಆಮೇಲೆ ಲಾಕ್ ವೈರ್. ನನಗೆ ಅತ್ಯಂತ ಇಷ್ಟದ ಪಾಠ ಅದು.

ವಿಮಾನ ಅದುರುತ್ತಲೇ ಇರುತ್ತದೆ. ಬೋಲ್ಟ್ ಎಷ್ಟೇ ಬಿಗಿ ಮಾಡಿದರೂ ಸಡಿಲ ಆಗಲು ಕಾಯುತ್ತಿರುತ್ತದೆ. ಅದಕ್ಕೇ ಎರಡು ಬೋಲ್ಟ್‌ಗಳ ತಲೆಯ ತೂತಿನಲ್ಲಿ ಸ್ಟೀಲ್ ತಂತಿ ಹಾಯಿಸಿ, ಹೆಣೆದು ಕಟ್ಟುತ್ತೇವೆ. ಒಂದು ಸಡಿಲಾಗಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ಕಡೆಗೇ ಎಳೆಯಬೇಕು. ಉಲ್ಟಾ ಕಟ್ಟಿದರೆ ಕಟ್ಟಿದ್ದೂ ಬಿಟ್ಟಿದ್ದೂ ಒಂದೇ. ಒಂದು ಇಂಚಿಗೆ ಆರರಿಂದ ಎಂಟು ಸುತ್ತು. ಕಡಿಮೆಯಾದರೆ ಸಡಿಲ, ಜಾಸ್ತಿಯಾದರೆ ತಂತಿ ಬಳಲಿ ತುಂಡಾಗುತ್ತದೆ.

ಎರಡು ವರ್ಷದ ಹಿಂದೆ ಒಬ್ಬಳು ಹುಡುಗಿ ಮೊದಲ ಸಲಕ್ಕೇ ಇದನ್ನು ಅಚ್ಚುಕಟ್ಟಾಗಿ ಕಟ್ಟಿದಳು. ಎಲ್ಲ ಸುತ್ತೂ ಒಂದೇ ಅಳತೆ. "ಎಲ್ಲಿ ಕಲಿತೆಯಮ್ಮಾ?" ಅಂದೆ. "ಮನೇಲಿ ಮಾರ್ಕೆಟ್ಟಿಗೆ ಹೂ ಕಟ್ತೀವಿ ಸರ್" ಅಂದಳು. ಅವಳ ತೋರುಬೆರಳಿನ ಪಕ್ಕದಲ್ಲಿ ದಾರ ಎಳೆದೆಳೆದು ಆದ ಗೆರೆ ಇತ್ತು. ಆದರೆ ತಂತಿಯ ಕೊನೆಯನ್ನು ಒಳಕ್ಕೆ ಮಡಚುವುದನ್ನು ಮರೆತಿದ್ದಳು. ಮುಂದೆ ಅಲ್ಲಿ ಕೈ ಹಾಕುವವರ ಬೆರಳು ಹರಿಯುತ್ತದೆ. ಕತ್ತರಿಸಿ ಮತ್ತೆ ಕಟ್ಟಿಸಿದೆ. ಈಗ ಮೊದಲ ವರ್ಷದವರಿಗೆ ಅವಳೇ ತೋರಿಸಿಕೊಡುತ್ತಾಳೆ.

ಇದರಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇನೆ. ಹೌದು, ಹೆಣ್ಣುಮಕ್ಕಳು ಸೇರಬಹುದು, ಸೇರುತ್ತಿದ್ದಾರೆ.

ಬೇರೆ ಜಾತಿ, ಬೇರೆ ಧರ್ಮದವರನ್ನು ಸೇರಿಸಿಕೊಳ್ಳುತ್ತೀರಾ?

ಸೇರಿಸಿಕೊಳ್ಳುತ್ತೇವೆ. ಬೆಳಗಿನ ಪ್ರಾರ್ಥನೆಗೆ ಬರಲೇಬೇಕೆಂದಿಲ್ಲ. ದಾಸೋಹದ ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ.

ಇಷ್ಟಲಿಂಗ, ಜನಿವಾರ, ತಾಯತ, ಉಂಗುರ ತೆಗೆಯಬೇಕಾ?

ಉಂಗುರ, ಬಳೆ, ವಾಚು, ಸರ ಪೂರ್ತಿ ತೆಗೆಯಬೇಕು. ಇದರಲ್ಲಿ ಮಾತೇ ಇಲ್ಲ. ಏಣಿಯಿಂದ ಇಳಿಯುವಾಗ ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವೇ ಕಳಚಿ ಬರುತ್ತದೆ. ಬ್ಯಾಟರಿಯ ಎರಡು ತುದಿಗೆ ತಗುಲಿದರೆ ಉಂಗುರ ಕ್ಷಣದಲ್ಲಿ ಕಾದು ಬೆರಳು ಸುಡುತ್ತದೆ.

ಇಷ್ಟಲಿಂಗ ಧರಿಸುವವರು ಕರಡಿಗೆಯನ್ನು ಓವರಾಲ್ ಒಳಗಿನ ಜಿಪ್ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಶಿವದಾರ ಹೊರಗೆ ಕಾಣಬಾರದು. ಜನಿವಾರವೂ ಹಾಗೇ. ತಲೆವಸ್ತ್ರ ಹಾಕುವ ಹೆಣ್ಣುಮಕ್ಕಳು ಪಿನ್ನು ಇಲ್ಲದ, ತಲೆಗೆ ಅಂಟಿಕೊಂಡು ಕೂರುವ ಬಗೆಯದನ್ನು ಹಾಕಿ ತುದಿಯನ್ನು ಒಳಗೆ ಸೇರಿಸುತ್ತಾರೆ. ನಂಬಿಕೆ ಯಾವುದು ಅಂತ ನಾವು ಕೇಳುವುದಿಲ್ಲ. ನೇತಾಡುತ್ತದಾ, ಕಳಚಿ ಬೀಳುತ್ತದಾ, ವಿದ್ಯುತ್ ಹರಿಸುತ್ತದಾ, ಇಷ್ಟನ್ನೇ ಕೇಳುತ್ತೇವೆ.

ಉಪವಾಸ ಇರುವ ದಿನ ಕೆಲಸ ಮಾಡಬಹುದಾ?

ಹೇಳಿ ಮಾಡಬಹುದು. ಹೇಳದೆ ಮಾಡಬಾರದು. ಏಕಾದಶಿ ಇರಲಿ, ಶ್ರಾವಣ ಸೋಮವಾರ ಇರಲಿ, ರಂಜಾನ್ ಇರಲಿ, ಬೆಳಿಗ್ಗೆ ಬಂದ ಕೂಡಲೇ ಮೇಷ್ಟರಿಗೆ ತಿಳಿಸಬೇಕು. ಆವತ್ತು ಎತ್ತರದ ಕೆಲಸ, ಇಂಜಿನ್ ಚಾಲೂ ಮಾಡಿ ನೋಡುವ ಕೆಲಸ ಕೊಡುವುದಿಲ್ಲ. ಮ್ಯಾನ್ಯುಯಲ್ ಓದುವುದು, ಬಿಡಿಭಾಗ ಪರೀಕ್ಷಿಸುವುದು ಕೊಡುತ್ತೇವೆ. ಕೆನಡಾದ ಗೋರ್ಡನ್ ಡ್ಯುಪಾಂಟ್ 1993ರಲ್ಲಿ ರಿಪೇರಿಯಲ್ಲಿ ಮನುಷ್ಯ ತಪ್ಪು ಮಾಡುವ 12 ಕಾರಣಗಳನ್ನು ಪಟ್ಟಿ ಮಾಡಿದರು. ಇವತ್ತು ಲೋಕದ ಎಷ್ಟೋ ಹ್ಯಾಂಗರ್‌ಗಳ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡುಗಳ, ಗೋಡೆಯಲ್ಲಿ ಆ ಪಟ್ಟಿ ಕಾಣುತ್ತದೆ. ಆಯಾಸ ಅದರಲ್ಲಿ ಒಂದು. ಆಯಾಸ ಭಕ್ತಿಯಿಂದ ಬಂದರೂ ಆಯಾಸವೇ. ಬುದ್ಧಿಯವರೇ, ಅಂದರೆ ಮಠದ ಸ್ವಾಮೀಜಿಯೇ, ಇದನ್ನು ಒಪ್ಪಿ, ಪ್ರಾರ್ಥನಾ ಸಭೆಯಲ್ಲಿ ಹೇಳಿದ್ದಾರೆ.

ರಾಹುಕಾಲ ನೋಡುತ್ತೀರಾ?

ನೋಡುವುದಿಲ್ಲ. ರೈಟ್ ಸಹೋದರರ ತಂದೆ ಬಿಷಪ್. ಆ ಅಣ್ಣತಮ್ಮಂದಿರು ಭಾನುವಾರ ವಿಮಾನ ಹಾರಿಸುತ್ತಿರಲಿಲ್ಲ. ಮೊದಲೇ ಗೊತ್ತಿರುವ ದಿನಕ್ಕೆ ಕೆಲಸ ಹೊಂದಿಸಿಕೊಳ್ಳುವುದು ತಪ್ಪಲ್ಲ. ಗಡಿಯಾರ ನೋಡಿ ಕೆಲಸ ಬೇಗ ಮುಗಿಸುವುದು ಮಾತ್ರ ತಪ್ಪು.

ಆಯುಧ ಪೂಜೆ ಹೇಗೆ ಮಾಡುತ್ತೀರಿ? ವಿಮಾನಕ್ಕೆ ಕುಂಕುಮ ಹಚ್ಚುತ್ತೀರಾ?

ಪೂಜೆ ಮಾಡುತ್ತೇವೆ. ವಿಮಾನಕ್ಕೆ ಕುಂಕುಮ ಹಚ್ಚುವುದಿಲ್ಲ. ಇದಕ್ಕೆ ಉದ್ದ ಉತ್ತರ ಬೇಕು.

ನಾನು ಬಂದ ಮೊದಲ ವರ್ಷ ಹುಡುಗರು ಮಹಾನವಮಿಯ ಹಿಂದಿನ ಸಂಜೆಯೇ ನಮ್ಮ ಸೆಸ್ನಾ ವಿಮಾನವನ್ನು ಸಿಂಗರಿಸಿದ್ದರು. ಪ್ರೊಪೆಲ್ಲರ್‌ಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಮೈತುಂಬ ಅರಿಶಿನ ಕುಂಕುಮದ ಬೊಟ್ಟು. ಅವರ ಮುಖದಲ್ಲಿ ಅಷ್ಟು ಖುಷಿ. ನಾನೂ ಅಂಥ ಮನೆಯಲ್ಲೇ ಬೆಳೆದವನು. ನಮ್ಮಪ್ಪ ಪಂಪ್‌ಸೆಟ್ಟಿಗೂ ಬೊಟ್ಟಿಟ್ಟು ಕೈ ಮುಗಿಯುತ್ತಿದ್ದರು. ಬೈಯಲು ಮನಸ್ಸಾಗಲಿಲ್ಲ. ಸುಮ್ನೆ ವಿಮಾನದ ಸುತ್ತ ಒಂದು ಸುತ್ತು ಬಂದೆ.

ಎಡಮಗ್ಗುಲಲ್ಲಿ, ಬಾಗಿಲಿನ ಮುಂದೆ, ಒಂದು ಪುಟ್ಟ ತೂತು ಇರುತ್ತದೆ. ಸ್ಟ್ಯಾಟಿಕ್ ಪೋರ್ಟ್ ಅಂತ. ಹೊರಗಿನ ಗಾಳಿಯ ಒತ್ತಡ ಅದರ ಮೂಲಕವೇ ಒಳಗೆ ಹೋಗಿ ಎತ್ತರ ಎಷ್ಟು, ವೇಗ ಎಷ್ಟು ಎಂದು ಪೈಲಟ್‌ಗೆ ತೋರಿಸುತ್ತದೆ. ಸರಿಯಾಗಿ ಅದರ ಮೇಲೇ ಒಂದು ದಪ್ಪ ಕುಂಕುಮದ ಬೊಟ್ಟು ಇತ್ತು. ಚೆನ್ನಾಗಿ ಕಾಣುತ್ತದೆ ಅಂತ ಸಾಲು ತಪ್ಪದ ಹಾಗೆ ಇಟ್ಟಿದ್ದರು.

ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಏರೋಪೆರು 603 ವಿಮಾನದ ಕಥೆ ಹೇಳಿದೆ. 1996ರ ಅಕ್ಟೋಬರ್ 2. ಪೆರುವಿನ ಲಿಮಾದಲ್ಲಿ ಬೋಯಿಂಗ್ 757 ವಿಮಾನವನ್ನು ತೊಳೆಯುವಾಗ ನೀರು ಹೋಗದಿರಲಿ ಎಂದು ಸ್ಟ್ಯಾಟಿಕ್ ಪೋರ್ಟ್‌ಗಳಿಗೆ ಟೇಪ್ ಅಂಟಿಸಿದ್ದರು. ತೆಗೆಯಲು ಮರೆತರು. ನೋಡಬೇಕಾದವರ ಕಣ್ಣಿಗೂ ಬೀಳಲಿಲ್ಲ. ರಾತ್ರಿ ಸಮುದ್ರದ ಮೇಲೆ ಪೈಲಟ್‌ಗಳಿಗೆ ಎತ್ತರವೂ ಗೊತ್ತಾಗಲಿಲ್ಲ, ವೇಗವೂ ಗೊತ್ತಾಗಲಿಲ್ಲ. 70 ಜನ ಇದ್ದರು. ಯಾರೂ ಉಳಿಯಲಿಲ್ಲ.

ಹ್ಯಾಂಗರ್‌ನಲ್ಲಿ ಸದ್ದೇ ಇರಲಿಲ್ಲ. ಆಮೇಲೆ ಒಬ್ಬ ಎದ್ದು ಹತ್ತಿ, ನೀರು ತಂದ. ಒಂದೊಂದೇ ಬೊಟ್ಟು ಒರೆಸಿದೆವು. ರಿವೆಟ್ ಸಂದಿಯಲ್ಲಿ ಕುಂಕುಮ ಉಳಿದರೆ ತೇವ ಹಿಡಿಯುತ್ತದೆ, ನಿಂಬೆರಸದ ಹುಳಿ ಅಲ್ಯುಮಿನಿಯಂ ತಿನ್ನುತ್ತದೆ ಎಂದು ಕೆಲಸ ಮಾಡುತ್ತಲೇ ಹೇಳಿದೆ. ಅಷ್ಟರಲ್ಲಿ ಮಠದ ಹಿರಿಯ ಅರ್ಚಕರು ಬಂದರು. ನನಗೆ ಸ್ವಲ್ಪ ಅಳುಕಿತ್ತು. ಅವರು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಎಲ್ಲಿಡೋಣ ಹೇಳಿ ಮೇಷ್ಟ್ರೇ, ಅಲ್ಲೇ ಇಡೋಣ" ಅಂದರು. ಅಷ್ಟೇ ಮಾತು.

ಈಗ ಪೂಜೆ ನಡೆಯುವುದು ಟೂಲ್ ಸ್ಟೋರ್ ಮುಂದೆ, ಮೇಜಿನ ಮೇಲೆ. ಬೊಟ್ಟು ಟೂಲ್ ಬೀರುವಿನ ಹೊರಬಾಗಿಲಿಗೆ. ಹಾರ ವಿಮಾನ ಎಳೆಯುವ ಟ್ರ್ಯಾಕ್ಟರಿಗೆ. ಮಂಗಳಾರತಿ, ಅಗರಬತ್ತಿ ಹ್ಯಾಂಗರ್ ಹೊರಗೆ, ಪೆಟ್ರೋಲಿನಿಂದ ದೂರ. ಬೂದುಗುಂಬಳ ಒಡೆಯುವುದು ಗೇಟಿನ ಆಚೆ. ಒಳಗೆ ತಂದ ಹೂವಿನ ಮಾರು, ತಟ್ಟೆ, ಚಮಚ ಎಲ್ಲವನ್ನೂ ಎಣಿಸಿ ಬರೆದು, ಪೂಜೆ ಮುಗಿದ ಮೇಲೆ ಮತ್ತೆ ಎಣಿಸುತ್ತೇವೆ. ಅರ್ಚಕರೂ ಆ ಹಾಳೆಗೆ ಸಹಿ ಹಾಕುತ್ತಾರೆ.

ದೇವರ ಮೇಲೆ ಭಾರ ಹಾಕಿ ಕೆಲಸ ಮಾಡಿದರೆ ಸಾಲದೇ?

ಒಬ್ಬ ಅಜ್ಜ ಇದನ್ನು ಪ್ರೀತಿಯಿಂದಲೇ ಕೇಳಿದರು. ಮೊಮ್ಮಗ ಒಳ್ಳೆಯವನು, ದೈವಭಕ್ತ, ತಪ್ಪು ಮಾಡುವುದಿಲ್ಲ ಅನ್ನುವುದು ಅವರ ಮಾತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಮುಂಗಾಜು ಆಕಾಶದಲ್ಲೇ ಕಿತ್ತುಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ಎಳೆದುಹೋದರು. ಸಿಬ್ಬಂದಿ ಕಾಲು ಹಿಡಿದುಕೊಂಡರು. ಸಹಪೈಲಟ್ ವಿಮಾನ ಇಳಿಸಿದರು, ಎಲ್ಲರೂ ಬದುಕಿದರು. ಹಾರಾಟಕ್ಕೆ 27 ಗಂಟೆ ಮೊದಲು ಆ ಗಾಜು ಬದಲಿಸಿದ್ದರು. 90 ಬೋಲ್ಟ್‌ಗಳಲ್ಲಿ 84ರ ದಪ್ಪ ಬೇಕಾದ್ದಕ್ಕಿಂತ 0.026 ಇಂಚು ಕಡಿಮೆ. ಉಳಿದ ಆರು ಉದ್ದದಲ್ಲಿ ಗಿಡ್ಡ. ಹಾಕಿದವರು ಸೋಮಾರಿ ಅಲ್ಲ, ಅನುಭವಸ್ಥರು. ಬಿಡಿಭಾಗದ ಪುಸ್ತಕ ತೆಗೆಯದೆ, ಹಳೆ ಬೋಲ್ಟ್ ಪಕ್ಕದಲ್ಲಿ ಹೊಸದು ಹಿಡಿದು ಕಣ್ಣಳತೆಯಲ್ಲಿ ಆರಿಸಿದ್ದರು.

ಒಳ್ಳೆಯವರಾಗಿರುವುದು ಬೇರೆ, ಅಳೆದು ನೋಡುವುದು ಬೇರೆ. ಅಜ್ಜನ ಕೈಗೆ ಎರಡು ಬೋಲ್ಟ್ ಕೊಟ್ಟೆ. ಹಾಗೂ ಹೀಗೂ ತಿರುಗಿಸಿ ನೋಡಿದರು. ಯಾವುದು ದಪ್ಪ ಅಂತ ಹೇಳಲು ಆಗಲಿಲ್ಲ. ಮೊಮ್ಮಗನನ್ನು ಮೈಕ್ರೋಮೀಟರ್ ತರಲು ಕಳಿಸಿದರು.

ವಿದ್ಯಾರ್ಥಿ ತಪ್ಪು ಮಾಡಿದರೆ ಶಿಕ್ಷೆ ಏನು?

ಮುಚ್ಚಿಟ್ಟರೆ ಶಿಕ್ಷೆ. ಹೇಳಿದರೆ ಇಲ್ಲ.

ನಮ್ಮಲ್ಲಿ ಪ್ರತಿ ಟೂಲ್‌ಗೂ ಬೋರ್ಡಿನ ಮೇಲೆ ಅದರದೇ ಆಕಾರದ ಜಾಗ ಇದೆ. ಸಂಜೆ ಜಾಗ ಖಾಲಿ ಇದ್ದರೆ ಯಾರೂ ಹೊರಡುವಂತಿಲ್ಲ. ಒಂದು ದಿನ 8 ಎಂಎಂ ಸಾಕೆಟ್ ಕಾಣಲಿಲ್ಲ. ಇಂಜಿನ್ ಮುಚ್ಚಳ ಮತ್ತೆ ಬಿಚ್ಚಿದೆವು. ಕನ್ನಡಿ, ಟಾರ್ಚು, ಮ್ಯಾಗ್ನೆಟ್ ಹಿಡಿದು ಹುಡುಕಿದೆವು. ದಾಸೋಹದ ಗಂಟೆ ಹೊಡೆಯಿತು. ಯಾರೂ ಊಟಕ್ಕೆ ಹೋಗಲಿಲ್ಲ. ಒಂಬತ್ತೂವರೆ ಹೊತ್ತಿಗೆ ಪಾವಗಡದ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಸೈಕಲ್ಲಿನ ನಟ್ಟು ಬಿಗಿಯಲು ಮಧ್ಯಾಹ್ನ ಅದನ್ನು ಹಾಸ್ಟೆಲಿಗೆ ಒಯ್ದಿದ್ದ. ಟ್ರಂಕಿನಲ್ಲಿದೆ ಅಂದ. ಗಂಟಲು ಕಟ್ಟಿತ್ತು.

ಮರುದಿನ ಬುದ್ಧಿಯವರಿಗೆ ತಿಳಿಸಿದೆ. ಅವರು ಕೇಳಿದ್ದು ಒಂದೇ: "ಹೇಳೋಕೆ ಅವನಿಗೆ ಮೂರು ಗಂಟೆ ಯಾಕೆ ಬೇಕಾಯ್ತು? ಇದನ್ನ ಅವನನ್ನ ಕೇಳೋದಲ್ಲ, ನೀವು ಯೋಚನೆ ಮಾಡಿ." ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅವರು ಹೇಳಿದ್ದು ನಿಜ. ಅವನಿಗೆ ನಮ್ಮ ಭಯ ಇತ್ತು.

ಆಮೇಲೆ ಒಂದು ಪದ್ಧತಿ ಶುರು ಮಾಡಿದೆವು. ಕೋರ್ಸಿನ ಮೊದಲ ದಿನ ಪ್ರತಿಯೊಬ್ಬ ಮೇಷ್ಟ್ರೂ ಎದ್ದು ನಿಂತು ತಮ್ಮ ಒಂದು ತಪ್ಪನ್ನು ಹೇಳಬೇಕು. ನಾನು ಹೇಳುವುದು ಇದು. ಒಂದು ರಾತ್ರಿ ಪಾಳಿ ಮುಗಿಸಿ, ಸಹಿ ಹಾಕಿ, ಬಸ್ಸು ಹತ್ತಿದ್ದೆ. ಹೆಬ್ಬಾಳದ ಹತ್ತಿರ ಬಂದಾಗ ಇಂಜಿನ್ ಆಯಿಲ್ ಟ್ಯಾಂಕಿನ ಮುಚ್ಚಳ ಹಾಕಿದ್ದು ನೆನಪಿದೆ, ಲಾಕ್ ಮಾಡಿದ್ದು ನೆನಪಿಲ್ಲ. ಅಲ್ಲೇ ಇಳಿದು ಫೋನ್ ಮಾಡಿದೆ. ಪ್ರಯಾಣಿಕರು ಹತ್ತುತ್ತಿದ್ದ ವಿಮಾನ ನಿಲ್ಲಿಸಿದರು. ಮುಚ್ಚಳ ಸರಿಯಾಗಿಯೇ ಇತ್ತು. ಆದರೆ ನೆನಪಿಲ್ಲದ ಕೆಲಸಕ್ಕೆ ನಾನು ಸಹಿ ಹಾಕಿದ್ದೆ. ಅದು ತಪ್ಪು. ಇದನ್ನು ಹೇಳುವಾಗ ಈಗಲೂ ಕೈ ತಣ್ಣಗಾಗುತ್ತದೆ. ಹುಡುಗರು ಅದನ್ನು ನೋಡಬೇಕು ಅಂತಲೇ ಹೇಳುತ್ತೇನೆ.

ಪಾವಗಡದ ಹುಡುಗನಿಗೆ ಒಂದು ವಾರ ಟೂಲ್ ಸ್ಟೋರ್ ಜವಾಬ್ದಾರಿ ಕೊಟ್ಟೆವು. ಶಿಕ್ಷೆ ಅಂತ ಅಲ್ಲ. ಎಣಿಸುವ ಕಷ್ಟ ಅವನಿಗೂ ತಿಳಿಯಲಿ ಅಂತ. ಹೊರಗೆ ಒಯ್ಯುವ ಚಾಳಿ ಆವತ್ತಿಗೇ ನಿಂತಿತು, ಎಲ್ಲರದೂ.

ಕೆಲಸ ಸಿಗುತ್ತಾ? ಸಂಬಳ ಎಷ್ಟು?

ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾದ ಮೇಲೆ ಈ ಭಾಗದಲ್ಲಿ ಕೆಲಸ ಬೆಳೆದಿದೆ. ಎಚ್‌ಎಎಲ್ ಇದೆ, ಜಕ್ಕೂರಿನಲ್ಲಿ ಸಣ್ಣ ವಿಮಾನಗಳಿವೆ. ಆದರೆ ಲೈಸೆನ್ಸ್ ಕೈಗೆ ಬರುವವರೆಗೆ ಸಂಬಳ ಕಡಿಮೆ, ರಾತ್ರಿ ಪಾಳಿ ಜಾಸ್ತಿ. ಆ ವರ್ಷಗಳಲ್ಲಿ ಮನೆಯವರ ಬೆಂಬಲ ಬೇಕು. ಅದಕ್ಕೆ ತಯಾರಿದ್ದರೆ ಮಾತ್ರ ಸೇರಿಸಿ.

ಅಂದ ಹಾಗೆ, ಮೇ 24 ಚಾರ್ಲಿ ಟೇಲರ್ ಹುಟ್ಟಿದ ದಿನವೂ ಹೌದು. 1903ರಲ್ಲಿ ರೈಟ್ ಸಹೋದರರಿಗೆ ಆರೇ ವಾರದಲ್ಲಿ ಇಂಜಿನ್ ಮಾಡಿಕೊಟ್ಟ ಮೆಕ್ಯಾನಿಕ್ ಅವರು. ಆ ದಿನ ನಮ್ಮಲ್ಲಿ ಸಿಹಿ ಊಟ.

ನಾನು ಲೈಸೆನ್ಸ್ ಇರುವವನು. ನಿಮ್ಮಲ್ಲಿ ಪಾಠ ಮಾಡಬಹುದಾ?

ದಯವಿಟ್ಟು ಬನ್ನಿ. ಮಠದ ಭಕ್ತರೇ ಆಗಿರಬೇಕೆಂದಿಲ್ಲ. ಸಂದರ್ಶನದಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ: ಮೇಲಿನವರು ಅವಸರ ಮಾಡಿದಾಗ ಸಹಿ ಹಾಕಲ್ಲ ಅಂತ ಯಾವತ್ತಾದರೂ ಹೇಳಿದ್ದೀರಾ?

ಕ್ಯಾಂಪಸ್ ನೋಡಲು ಬರಬಹುದಾ?

ಬನ್ನಿ, ಮಗ ಮಗಳನ್ನೂ ಕರೆದುಕೊಂಡು ಬನ್ನಿ. ಎಣ್ಣೆ ಚೆಲ್ಲಿರುತ್ತದೆ, ಅದಕ್ಕೆ ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಹೈಡ್ರಾಲಿಕ್ ಬೆಂಚಿನ ಹತ್ತಿರ ಏನನ್ನೂ ಮುಟ್ಟಿ ಕಣ್ಣು ಉಜ್ಜಬೇಡಿ, ತುಂಬಾ ಉರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಂದರೆ ದಾಸೋಹದಲ್ಲಿ ಊಟ ಮಾಡಿಕೊಂಡೇ ಹೋಗಿ. ಹ್ಯಾಂಗರ್ ಬಾಗಿಲಲ್ಲಿ ನಿಮ್ಮ ಜೇಬಿನಲ್ಲಿ ಇರುವುದನ್ನೆಲ್ಲ ಒಂದು ಟ್ರೇಗೆ ಹಾಕಿಸಿ ಎಣಿಸುತ್ತಾರೆ, ನಾಣ್ಯ, ಕೀಲಿ, ಪೆನ್ನು ಎಲ್ಲ. ಹೊರಡುವಾಗ ಮತ್ತೆ ಎಣಿಸಿ ಕೊಡುತ್ತಾರೆ. ಎಣಿಸುವ ಹುಡುಗ ಮೊದಲ ವರ್ಷದವನು. ಎರಡು ಸಲ ಎಣಿಸುತ್ತಾನೆ, ಕಾಯಿರಿ.